ಎಲ್ಲ ಮಕ್ಕಳೂ ಬಂದರು

ಸಿನಿಮಾ ಚೆನ್ನಾಗಿತ್ತು. ಲುಬೋವನ ಹೊಟ್ಟೆಗೆ ಬೆಂಕಿ ಬಿದ್ದದ್ದೇ ಅದಕ್ಕೆ. ಕೆಟ್ಟ ಸಿನಿಮಾ ಆಗಿದ್ದರೆ ಥೂ ಎಂದು ಉಗಿದು ಮರೆತುಬಿಡಬಹುದಿತ್ತು. ಇದರಲ್ಲಿ ಹರಕು ಅಂಗಿಯ ಮಕ್ಕಳಿದ್ದರು, ಹಲಸಿನ ಮರದ ಕೆಳಗೆ ಪಾಠವಿತ್ತು, ತಿಂಗಳುಗಟ್ಟಲೆ ಸಂಬಳವಿಲ್ಲದೆ ಹಸಿದ ಹೊಟ್ಟೆಯಲ್ಲಿ ಕಲಿಸುವ ಮೇಷ್ಟ್ರಿದ್ದರು. ಕೊನೆಗೆ ಏಳನೇ ತರಗತಿಯ ಸರ್ಕಾರಿ ಪರೀಕ್ಷೆಯಲ್ಲಿ ಒಬ್ಬರನ್ನೂ ಬಿಡದಂತೆ ಎಲ್ಲರೂ ಪಾಸು. ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತು ಹಳೇ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ನೋಡಿದಾಗ ಲುಬೋವನ ಕಣ್ಣಲ್ಲೂ ನೀರು ಬಂತು. ಆಮೇಲೆ ಆ ನೀರಿನ ಮೇಲೇ ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು.

ಸಿನಿಮಾದ ಹೆಸರು ‘ಎಲ್ಲ ಮಕ್ಕಳೂ ಬಂದರು’. ಹೊರದೇಶದ ಒಬ್ಬ ಹೆಂಗಸು ಲುಬೋವನ ಊರು ಕ್ಯಾಸೊಲೊಗೆ ಬಂದು, ಅಲ್ಲಿನ ಶಾಲೆಯ ಕವೇಸಿ ಮೇಷ್ಟ್ರ ಕತೆ ಕೇಳಿ, ಮಾರುಹೋಗಿ ಇಂಗ್ಲಿಷಿನಲ್ಲಿ ತೆಗೆದದ್ದು. ಯಾವ್ಯಾವುದೋ ದೇಶದಲ್ಲಿ ಬಹುಮಾನ ಬಂದಿತ್ತು. ಕಂಪಾಲಾದಲ್ಲಿ ದೊಡ್ಡ ದೊಡ್ಡವರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದರಂತೆ. ಹತ್ತಿರದ ಮಸಾಕ ಪೇಟೆಯ ವೃತ್ತದ ಪೋಸ್ಟರಿನಲ್ಲಿ ಕವೇಸಿ ಮೇಷ್ಟ್ರ ಮುಖ ಮನೆಯ ಬಾಗಿಲಷ್ಟು ಎತ್ತರಕ್ಕೆ ನಗುತ್ತಿತ್ತು. ಬರುವ ಚುನಾವಣೆಗೆ ಅವರು ನಿಲ್ಲುವ ಸುದ್ದಿಯೂ ಇತ್ತು. ಶಾಲೆಗೆ ಅವರ ಹೆಸರನ್ನೇ ಇಡುವುದೆಂದು ತೀರ್ಮಾನವಾಗಿತ್ತು.

ಎಲ್ಲ ಮಕ್ಕಳೂ ಬಂದರಂತೆ! ಲುಬೋವ ಬಂದಿರಲಿಲ್ಲ. ಬಂದಿರಲಿಲ್ಲ ಎನ್ನುವುದೇನು, ಬರಗೊಡಲಿಲ್ಲ.

ಅದು ಹೀಗಾಯಿತು. ಲುಬೋವ ಏಳನೇ ತರಗತಿಯಲ್ಲಿದ್ದ ವರ್ಷ ಪರೀಕ್ಷೆಗೆ ಹೆಸರು ಕಳಿಸುವ ಕಾಲ ಬಂದಾಗ ಕವೇಸಿ ಮೇಷ್ಟ್ರು ಇಡೀ ತರಗತಿಯನ್ನು ಅಂಗಳದಲ್ಲಿ ನಿಲ್ಲಿಸಿದರು. ಅವರಿಗೆ ಒಂದು ಅಭ್ಯಾಸವಿತ್ತು. ಹೆಸರು ಕರೆಯುವ ಮುಂಚೆ ಪ್ರತಿಸಲವೂ ಒಮ್ಮೆ ಗಂಟಲು ಕೆರೆದುಕೊಳ್ಳುವರು. ಆ ಶಾಲೆಯಲ್ಲಿ ಹೆಸರು ಕರೆದರೆ ಹುಡುಗರು ನೆಟ್ಟಗೆ ನಿಂತು ‘ಓ’ ಎನ್ನಬೇಕು, ಹುಡುಗಿಯರು ಮಂಡಿಯೂರಿ ‘ಓ’ ಎನ್ನಬೇಕು. ಅವತ್ತು ಒಬ್ಬೊಬ್ಬರೇ ಓ ಎಂದ ಮೇಲೆ ಮೇಷ್ಟ್ರು ಕೈಯಲ್ಲಿದ್ದ ಕೋಲನ್ನು ಆಡಿಸಿದರು, ಕಾಫಿ ಬೀಜವನ್ನು ಮೊರದಲ್ಲಿ ಕೇರುವವರ ಹಾಗೆ. “ಗಟ್ಟಿ ಕಾಳು ಈ ಕಡೆ, ಜೊಳ್ಳು ಆ ಕಡೆ” ಎಂದರು. ಲುಬೋವ ಜೊಳ್ಳಿನ ಕಡೆಗೆ ಹೋದ. ಕಿಬೂಕ ಹೋದ, ನಂತೇಜ ಹೋದಳು, ಇನ್ನೂ ಕೆಲವರು ಹೋದರು. ಎಲ್ಲರಿಗಿಂತ ಕೊನೆಗೆ, ತನ್ನನ್ನೇ ಅಂದದ್ದೋ ಎಂದು ಅತ್ತಿತ್ತ ನೋಡುತ್ತ ನಮಾಲೆ ಹೋದಳು. ಜೊಳ್ಳಿನ ಹೆಸರುಗಳು ಪರೀಕ್ಷೆಗೆ ಹೋಗಲಿಲ್ಲ. ಫೇಲಾಗುವವರು ಕೂರದಿದ್ದರೆ ಫೇಲಾಗುವುದಾದರೂ ಯಾರು? ಲೆಕ್ಕ ಎಷ್ಟು ಚೊಕ್ಕ ನೋಡಿ.

ಪರೀಕ್ಷೆಯ ದಿನ ಜೊಳ್ಳುಗಳೆಲ್ಲ ಮೇಷ್ಟ್ರ ಕಾಫಿ ತೋಟದಲ್ಲಿ ಒಣಗಿದ ಹಣ್ಣು ಬಾಚುತ್ತಿದ್ದವು. ಶಾಲೆಯ ಗಂಟೆ ಎಂದರೆ ಮರಕ್ಕೆ ನೇತುಹಾಕಿದ್ದ ಲಾರಿ ಚಕ್ರದ ಕಬ್ಬಿಣ. ಅದು ಢಣಢಣ ಬಾರಿಸಿದ್ದು ತೋಟಕ್ಕೆ ಸ್ಪಷ್ಟವಾಗಿ ಕೇಳಿತು. ನಮಾಲೆ ಬಾಚುವುದನ್ನು ಬಿಟ್ಟು ಆ ಕಡೆಗೇ ನೋಡುತ್ತ ನಿಂತಳು. ಪರೀಕ್ಷೆ ಬರೆಯದ ಹುಡುಗಿ ಮನೆಯಲ್ಲಿದ್ದು ಏನು ಮಾಡುತ್ತಾಳೆ ಎಂದು ಅವಳಪ್ಪ ಮರುತಿಂಗಳೇ ಒಬ್ಬ ಮೀನು ವ್ಯಾಪಾರಿಗೆ ಕೊಟ್ಟುಬಿಟ್ಟ. ಮುಂದಿನ ಕಾಫಿ ಕುಯ್ಲಿನ ಹೊತ್ತಿಗೆ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ಸಿನಿಮಾದಲ್ಲಿ ತೋಟವೂ ಇರಲಿಲ್ಲ, ಜೊಳ್ಳೂ ಇರಲಿಲ್ಲ.

ಲುಬೋವ ಈಗ ವೀಜೆ. ಊರಿನ ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ಡಿನಲ್ಲಿ ಅವನ ಸಿನಿಮಾ ಕೊಟ್ಟಿಗೆ. ಪರದೇಶದ ಸಿನಿಮಾ ಹಾಕಿ, ಅದರ ದನಿ ತಗ್ಗಿಸಿ, ಮೈಕು ಹಿಡಿದು ಊರ ಭಾಷೆಯಲ್ಲಿ ಕತೆ ಹೇಳುವುದು ಅವನ ಕೆಲಸ. ಬರೀ ಹೇಳಿದರೆ ಯಾರು ಬರುತ್ತಾರೆ? ಖಳನಾಯಕನಿಗೆ ಊರ ಬಡ್ಡಿ ಸಾಹುಕಾರನ ಹೆಸರಿಡುತ್ತಾನೆ, ನಾಯಕಿಗೆ ಬುದ್ಧಿ ಹೇಳುತ್ತಾನೆ, ಸಾಯುವವನಿಗೆ “ಅಯ್ಯೋ ಪೆದ್ದೇ, ಹಿಂದೆ ನೋಡೋ” ಎನ್ನುತ್ತಾನೆ. ಜನ ಬೆಂಚಿನಿಂದಲೇ ತಿರುಗಿ ಜವಾಬು ಕೊಡುತ್ತಾರೆ. ವೀಜೆ ಕೂಗಿದ್ದಕ್ಕೆ ಓಗೊಡದೆ ಕೂರುವವನು ಆ ಕೊಟ್ಟಿಗೆಯಲ್ಲಿ ಇಲ್ಲ. ಇದು ಕ್ಯಾಸೊಲೊದ ನಾಯಿಗೂ ಗೊತ್ತು.

ಗೊತ್ತಿಲ್ಲದಿದ್ದದ್ದು ಕವೇಸಿ ಮೇಷ್ಟ್ರಿಗೆ ಮಾತ್ರ. ಸಿನಿಮಾ ಕೊಟ್ಟಿಗೆ ಪೋಲಿಗಳ ಜಾಗ ಎಂದು ಅಲ್ಲಿಗೆ ಹೋದ ಹುಡುಗರ ಅಂಡಿನ ಮೇಲೆ ಬೆತ್ತ ಮುರಿದವರು ಅವರು. ಜೀವಮಾನದಲ್ಲಿ ಒಳಗೆ ಕಾಲಿಟ್ಟವರಲ್ಲ. ಅಂಥವರು ಈಗ ಉದ್ದನೆಯ ಬಿಳಿ ನಿಲುವಂಗಿಯ ಮೇಲೆ ಕೋಟು ತೊಟ್ಟು ಕೊಟ್ಟಿಗೆಗೇ ಬಂದು, ಕರವಸ್ತ್ರದಿಂದ ಬೆಂಚು ಒರೆಸಿ ಕೂತರು.

“ನೋಡಪ್ಪಾ, ಶನಿವಾರ ಮಧ್ಯಾಹ್ನ ಶಾಲೆ ಹಾಲಲ್ಲಿ ನನ್ನ ಸಿನಿಮಾ ತೋರಿಸ್ತಾರೆ. ಡೈರೆಕ್ಟರಮ್ಮನೂ ಬರ್ತಾರೆ. ನಮ್ಮ ಹಳಬರಿಗೆ ಇಂಗ್ಲಿಷ್ ಎಲ್ಲಿ ಬರತ್ತೆ? ನೀನು ಚೆನ್ನಾಗಿ ಅನುವಾದ ಮಾಡ್ತೀಯಂತೆ.”

“ಏನೋ, ಜನ ಹಾಗಂತಾರೆ ಮೇಷ್ಟ್ರೇ.”

“ಯಾರ ಮಗ ನೀನು? ನನ್ನ ಹತ್ರ ಓದಿದ್ದೇನಾದ್ರೂ ಉಂಟಾ?”

ಲುಬೋವನ ಕೈ ಮೈಕಿನ ತಂತಿಯ ಮೇಲೆ ಹಾಗೇ ನಿಂತಿತು. ಇಷ್ಟು ವರ್ಷ ಅವನು ಈ ಮನುಷ್ಯನನ್ನು ಎದೆಯಲ್ಲಿಟ್ಟುಕೊಂಡು ಸಾಕಿದ್ದ. ಮೇಷ್ಟ್ರಿಗೆ ಅವನ ಮುಖವೇ ನೆನಪಿರಲಿಲ್ಲ! ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

“ಸ್ವಲ್ಪ ದಿನ ಓದಿದ್ದೆ.”

“ಹೌದಾ! ಸಂತೋಷ. ನನ್ನ ಮಾತು ಒಂದನ್ನೂ ಬಿಡಬಾರದು, ಗೊತ್ತಾಯ್ತಾ? ಒಂದೊಂದು ಮಾತೂ ಮುತ್ತು ಇದ್ದ ಹಾಗಿದೆ ಅಂತ ಪೇಪರಿನೋರು ಬರೆದಿದ್ದಾರೆ.”

“ಒಂದೂ ಬಿಡಲ್ಲ. ನೀವು ಆಡಿದ್ದನ್ನೆಲ್ಲ ಹೇಳ್ತೀನಿ” ಎಂದ ಲುಬೋವ. ಮೇಷ್ಟ್ರು ಅವನ ಬೆನ್ನು ತಟ್ಟಿ ಹೋದರು. ತಟ್ಟಿದ ಜಾಗ ಸಂಜೆಯವರೆಗೂ ಅವನಿಗೆ ಚುರುಚುರು ಎನ್ನುತ್ತಿತ್ತು.

ಮರುದಿನ ನಬ್ಬೋಸ ಸಿಕ್ಕಳು. ಅವಳು ಗಟ್ಟಿ ಕಾಳು. ಅದೇ ತರಗತಿಯಲ್ಲಿ ಪಾಸಾಗಿ, ಓದಿ, ಈಗ ಊರಿನ ಆಸ್ಪತ್ರೆಯಲ್ಲಿ ನರ್ಸು. ಸಿನಿಮಾದ ಕೊನೆಯಲ್ಲಿ ಅವಳ ನಿಜವಾದ ಮುಖವೇ ಬಂದು ಮೇಷ್ಟ್ರಿಗೆ ಕೈಮುಗಿಯುತ್ತದೆ. ಶನಿವಾರ ಡೈರೆಕ್ಟರಮ್ಮನ ಪಕ್ಕ ಅವಳಿಗೆ ಕುರ್ಚಿ.

“ಆ ಸಿನಿಮಾಕ್ಕೆ ಬಹುಮಾನ ಕೊಟ್ಟೋರ ಕಣ್ಣಿಗೆ ಹೂ ಬಿದ್ದಿತ್ತೇನೆ?” ಎಂದ ಲುಬೋವ.

“ಅದರಲ್ಲಿ ಸುಳ್ಳೇನಿದ್ಯೋ? ಮೇಷ್ಟ್ರು ಸಂಬಳ ಇಲ್ದೆ ದುಡೀಲಿಲ್ವಾ? ಸ್ವಂತ ಸೀಮೆಎಣ್ಣೆ ಸುರಿದು ನಮಗೆ ದೀಪ ಹಚ್ಚಿ ಓದಿಸ್ಲಿಲ್ವಾ? ಮಲೇರಿಯಾ ಬಂದು ನಡುಗ್ತಾ ಇದ್ರೂ ಬಂದು ಗಣಿತ ಮಾಡ್ತಿದ್ರು ಕಣೋ. ಅವರಿಲ್ದಿದ್ರೆ ನಾನು ಇವತ್ತು ಯಾವೋನ್ಗೋ ಬಾಳೆಕಾಯಿ ಬೇಯಿಸ್ತಾ ಇರ್ತಿದ್ದೆ.”

“ಹಚ್ಚಿದ್ರಲ್ಲ, ಆ ದೀಪದ ಹತ್ರ ನನ್ನನ್ನ ಕೂರಿಸಿದ್ರಾ? ನಮಾಲೆನ ಕೂರಿಸಿದ್ರಾ?”

ನಬ್ಬೋಸಳ ಮುಖ ಕಪ್ಪಿಟ್ಟಿತು. ಅವಳೂ ನಮಾಲೆಯೂ ಒಂದೇ ಬೆಂಚಿನವರು.

“ಒಂದು ಸಿನಿಮಾದಲ್ಲಿ ಎಲ್ಲಾನೂ ಎಲ್ಲಿ ತುರುಕೋಕಾಗತ್ತೆ? ನೋಡಿದೋರು ಅತ್ತು, ಎರಡು ಮಕ್ಕಳನ್ನ ಓದಿಸಿದ್ರೆ ಅಷ್ಟೇ ಲಾಭ.”

“ಒಬ್ಬನ್ನೂ ಕೈಬಿಡ್ಲಿಲ್ಲ ಅಂತ ಬರೀದೇ ಇದ್ದಿದ್ರೆ ನಾನೂ ಸುಮ್ನಿರ್ತಿದ್ದೆ ಕಣೇ. ಅದನ್ನೇ ಹೆಸರಿಟ್ಟು ಮೆರೀತಾರಲ್ಲ! ಆ ಹೆಸರಿಗೆ ಚಪ್ಪಾಳೆ ತಟ್ಟಿದಾಗೆಲ್ಲ ನಾವು ಹುಟ್ಟೇ ಇರ್ಲಿಲ್ಲ ಅಂದಹಾಗೆ.”

“ಏನಾದ್ರೂ ಕಿತಾಪತಿ ಮಾಡ್ತೀಯಾ ಅಲ್ವಾ?”

“ಅನುವಾದ ಮಾಡ್ತೀನಿ” ಎಂದು ಲುಬೋವ ಹಲ್ಲು ಕಿಸಿದ.

ಅವನ ಲೆಕ್ಕ ಸರಳವಾಗಿತ್ತು. ಊರೆಲ್ಲ ಕೂತಿರುವಾಗ ಕವೇಸಿಯ ಮಾನ ಕಳೆಯಬೇಕು. ಜನ ನಕ್ಕು ನಕ್ಕು ಅವನನ್ನು ಹರಿದು ಹಾಕಬೇಕು. ಯಾವ ಅಂಗಳದಲ್ಲಿ ತನ್ನನ್ನು ಜೊಳ್ಳು ಎಂದನೋ ಅದೇ ಅಂಗಳವನ್ನು ಅವನು ತಲೆ ತಗ್ಗಿಸಿ ದಾಟಿಕೊಂಡು ಹೋಗಬೇಕು. ಅಷ್ಟಾದರೆ ಆಮೇಲೆ ಕೊಟ್ಟಿಗೆ ಮುಚ್ಚಿಸಿದರೂ ಸರಿ, ಪೊಲೀಸರಿಂದ ಹೊಡೆಸಿದರೂ ಸರಿ.

ಶುಕ್ರವಾರ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಹುರಿದ ಮಿಡತೆ ಮಾರುವ ಮುದುಕಿ ಅವನನ್ನು ಕರೆದಳು. ಅವಳು ನಮಾಲೆಯ ಅಮ್ಮ. ಒಂದು ಹಿಡಿ ಮಿಡತೆಯನ್ನು ಕಾಗದದಲ್ಲಿ ಸುತ್ತಿ ಅವನ ಕೈಗೆ ತುರುಕಿದಳು.

“ಮಗಾ, ನಾಳೆ ನಾನೂ ಬರ್ತೀನಿ. ಅಂಗಡಿ ಹಾಕಲ್ಲ. ಅದು ಆ ವರ್ಷದ ಮಕ್ಕಳ ಸಿನಿಮಾ ಅಂತಲ್ಲ?”

“ಹೂಂ, ಅವ್ವ.”

“ಹಾಗಾದ್ರೆ ನಮ್ಮ ನಮಾಲೆ ಇರ್ತಾಳೆ ಅದರಲ್ಲಿ. ಅವಳದ್ದು ಒಂದು ಫೋಟೋನೂ ಇಲ್ಲ ಕಣಪ್ಪಾ ನನ್ನ ಹತ್ರ. ಯಾರೋ ಬೇರೆ ಹುಡುಗಿ ವೇಷ ಹಾಕಿರ್ತಾಳೆ, ಅಷ್ಟೂ ಗೊತ್ತಾಗಲ್ವಾ ನಂಗೆ? ಆದ್ರೂ ಅವಳು ಬಂದಾಗ ಇವಳೇ ಅಂತ ನೀನು ಹೇಳ್ಬೇಕು. ನನ್ನ ಕಣ್ಣು ಮಂಜು.”

ಲುಬೋವ ಒಂದು ಮಿಡತೆಯನ್ನು ಬಾಯಿಗೆ ಹಾಕಿಕೊಂಡು ತಲೆ ತಗ್ಗಿಸಿದ. ಮುದುಕಿ ಅದನ್ನೇ ಹೂಂ ಎಂದುಕೊಂಡು ಸೆರಗಿಗೆ ಕೈ ಒರೆಸಿಕೊಂಡಳು.

ಶನಿವಾರ ಶಾಲೆಯ ಹಾಲಿನ ಕಿಟಕಿಗಳಿಗೆಲ್ಲ ಚಾಪೆ ಬಡಿದು ಕತ್ತಲು ಮಾಡಿದ್ದರು. ಹೊರಗೆ ಉರಿಬಿಸಿಲು, ಒಳಗೆ ಜನರ ಬೆವರು, ಜನರೇಟರಿನ ಹೊಗೆ. ಕವೇಸಿ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿದ ಕೂಡಲೇ ಇಡೀ ಹಾಲು ಎದ್ದು ನಿಂತಿತು. ಅವರು ಕೈಯಿಂದಲೇ ಕೂರಿ ಕೂರಿ ಎನ್ನುತ್ತ ಮುಂದಿನ ಸೋಫಾಕ್ಕೆ ಹೋದರು. ಅವರ ಎಡಕ್ಕೆ ಡೈರೆಕ್ಟರಮ್ಮ, ಅವಳ ಆಚೆ ನಬ್ಬೋಸ. ನಮಾಲೆಯ ಅಮ್ಮ ಇದ್ದ ಒಂದೇ ಒಳ್ಳೆಯ ಉಡುಪು ಉಟ್ಟು, ಹೆಂಗಸರ ಚಾಪೆಯಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದಳು.

ಸಿನಿಮಾ ಶುರುವಾಯಿತು. ಲುಬೋವನೂ ಶುರು ಮಾಡಿದ.

ಪರದೆಯ ಮೇಲಿನ ಮೇಷ್ಟ್ರು ತೂತು ಬಿದ್ದ ಬೂಟು ಹಾಕಿಕೊಂಡು ಬೆಟ್ಟ ಇಳಿದು ಬಂದರು. “ನೋಡ್ರಪ್ಪಾ, ಮೇಷ್ಟ್ರು ಬಂದ್ರು! ಬೂಟು ತೂತು, ಬೆತ್ತ ಮಾತ್ರ ಹೊಸದು!” ಎಂದ ಲುಬೋವ. ಹಾಲು ಗೊಳ್ಳೆಂದಿತು. “ನಮ್ಮ ಅಂಡಿಗೆ ಗೊತ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು. ಡೈರೆಕ್ಟರಮ್ಮ ತಿರುಗಿ ನೋಡಿ, ಜನಕ್ಕೆ ತನ್ನ ಸಿನಿಮಾ ಇಷ್ಟು ಹಿಡಿಸಿತಲ್ಲ ಎಂದು ಹಿಗ್ಗಿದಳು. ಮೇಷ್ಟ್ರು ಮೊದಲು ಹುಬ್ಬು ಗಂಟಿಕ್ಕಿದರು. ಅನುವಾದ ಎಂದರೆ ಇದೇನಾ ಎಂದು ಅವರಿಗೆ ಅರ್ಥವಾದಂತಿರಲಿಲ್ಲ.

ಹಲಸಿನ ಮರದ ಕೆಳಗೆ ದೊಡ್ಡ ಭಾಷಣ ಬಂತು. ಪ್ರತಿಯೊಂದು ಮಗುವೂ ಒಂದು ಬೀಜ, ನಾನು ಒಂದು ಬೀಜವನ್ನೂ ನೆಲಕ್ಕೆ ಬೀಳಗೊಡುವುದಿಲ್ಲ ಎಂದು. ಕಂಪಾಲಾದವರು ಅತ್ತದ್ದು ಇಲ್ಲಿಯೇ. ಲುಬೋವ ಒಮ್ಮೆ ಗಂಟಲು ಕೆರೆದುಕೊಂಡ, ಥೇಟ್ ಕವೇಸಿಯ ಹಾಗೆ.

“ಮಕ್ಕಳೇ, ನೀವೆಲ್ಲ ಬೀಜ! ಹೇಗೆ ಅಂತೀರಾ? ಗಟ್ಟಿ ಕಾಳು ಈ ಕಡೆ, ಜೊಳ್ಳು ಆ ಕಡೆ! ಜೊಳ್ಳನ್ನ ಮೊದಲೇ ತೂರಿಬಿಟ್ರೆ ಉಳಿದದ್ದೆಲ್ಲಾ ಬೀಜವೇ ತಾನೇ? ಜೊಳ್ಳುಗಳೆಲ್ಲ ನಡೀರಿ ನನ್ನ ಕಾಫಿ ತೋಟಕ್ಕೆ!”

ಇದು ಅವನು ವಾರವಿಡೀ ಮಸೆದಿಟ್ಟ ಚೂರಿ. ತಗುಲಿತು ಎಂದುಕೊಂಡ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದು ಮಾತ್ರ ಎಂದಿನಂತೆ, ಖಳನಾಯಕನಿಗೆ ಸಾಹುಕಾರನ ಹೆಸರಿಟ್ಟಾಗ ನಗುವ ಹಾಗೆಯೇ. ಅಷ್ಟೇ ಅಲ್ಲ, ಕವೇಸಿ ಮೇಷ್ಟ್ರೂ ನಕ್ಕರು! ಬುದ್ಧಿವಂತ ಮನುಷ್ಯ, ಗಾಳಿ ಎತ್ತ ಎಂದು ಗೊತ್ತಾಗಿತ್ತು. ತೊಡೆ ತಟ್ಟಿಕೊಂಡು, ಡೈರೆಕ್ಟರಮ್ಮನ ಕಡೆ ಬಾಗಿ, “ನನ್ನ ಶಿಷ್ಯ, ತಮಾಷೆಗಾರ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಶಿಷ್ಯನಂತೆ!

ಲುಬೋವನ ಕಿವಿ ಕಾದುಹೋಯಿತು. ಏನು ಹೇಳಿದರೂ ಹಾಸ್ಯ. ತನ್ನ ಬಾಯಿಂದ ಬಂದದ್ದು ನಿಜ ಎಂದು ಈ ಊರಿನಲ್ಲಿ ಒಬ್ಬರೂ ಎಂದೂ ತಿಳಿದುಕೊಂಡಿಲ್ಲ, ತಿಳಿಯುವುದೂ ಇಲ್ಲ. ತನ್ನ ಸೇಡಿನಿಂದಲೇ ಕವೇಸಿಗೆ ಇನ್ನಷ್ಟು ಓಟು ಬೀಳುವುದೋ ಏನೋ ಎನ್ನಿಸಿ, ಮೈಕನ್ನು ಅತ್ತ ಎಸೆದು ಎದ್ದು ಹೋಗಿಬಿಡೋಣ ಎಂದುಕೊಂಡ.

ಅಷ್ಟರಲ್ಲಿ ಪರೀಕ್ಷೆಯ ಬೆಳಗ್ಗೆ ಬಂತು. ಜ್ವರದಲ್ಲಿ ಬೇಯುವ ಒಬ್ಬ ಹುಡುಗಿಯನ್ನು ಮೇಷ್ಟ್ರು ಬೆನ್ನ ಮೇಲೆ ಹೊತ್ತುಕೊಂಡು ಜವುಗಿನಲ್ಲಿ ಎದೆಮಟ್ಟದ ನೀರು ದಾಟುತ್ತಾರೆ. ಹುಡುಗಿಯ ತಲೆ ಅವರ ಹೆಗಲ ಮೇಲೆ. ಪಿಟೀಲು ಅಳುತ್ತದೆ. ಚಾಪೆಯಿಂದ ನಮಾಲೆಯ ಅಮ್ಮ ಎದ್ದು ನಿಂತಳು. ಪರದೆಯ ಬೆಳಕು ಅವಳ ಮುಖದ ಮೇಲೆ ಬಿತ್ತು.

“ಅವಳೇನಾ?” ಎಂದು ಕೂಗಿದಳು. “ಲುಬೋವಾ, ಅವಳೇನಾ ನಮ್ಮ ನಮಾಲೆ? ಮೇಷ್ಟ್ರು ಹೊತ್ಕೊಂಡು ಹೋಗ್ತಿದಾರಲ್ಲ, ಅವಳೇನಾ?”

ಮೈಕು ಲುಬೋವನ ಬಾಯಿಯ ಹತ್ತಿರವೇ ಇತ್ತು.

“ಅಲ್ಲ ಅವ್ವ” ಎಂದ. ಅವನ ದನಿ ಅವನದೇ ಎನ್ನಿಸಲಿಲ್ಲ. “ಅವಳಲ್ಲ. ಅವಳು ಇದರಲ್ಲಿಲ್ಲ.”

“ಮತ್ತೆ ಎಲ್ಲಿದ್ದಾಳೋ?”

“ಕಾಫಿ ತೋಟದಲ್ಲಿ. ನಾನೂ ಅಲ್ಲೇ ಇದ್ದೆ. ಅವತ್ತು ನಮ್ಮನ್ನ ಯಾರೂ ಹೊರಲಿಲ್ಲ ಅವ್ವ.”

ಯಾರೂ ನಗಲಿಲ್ಲ. ಮೇಷ್ಟ್ರ ಕೈ ತೊಡೆಯ ಮೇಲೆ ಹಾಗೇ ಉಳಿಯಿತು.

ಪರದೆಯ ಮೇಲೆ ಹಾಜರಿ ಶುರುವಾಗಿತ್ತು. ಮೇಷ್ಟ್ರು ಒಂದೊಂದೇ ಹೆಸರು ಕರೆಯುವುದು, ಇಸ್ತ್ರಿ ಮಾಡಿದ ಅಂಗಿಯ ಮಕ್ಕಳು ನಗುತ್ತ ಓಗೊಡುವುದು. ಲುಬೋವ ಸಿನಿಮಾದ ದನಿಯನ್ನು ಪೂರ್ತಿ ಕೆಳಗಿಳಿಸಿಬಿಟ್ಟ. ಪಿಟೀಲು ಸತ್ತಿತು. ಜನರೇಟರಿನ ಗೊರಗೊರ ಮಾತ್ರ ಉಳಿಯಿತು. ಅವನು ಗಂಟಲು ಕೆರೆದುಕೊಂಡ.

“ಕಿಬೂಕ!”

ಹಿಂದಿನ ಗೋಡೆಗೆ ಒರಗಿದ್ದ ಬೈಕ್ ಸವಾರ ಕಿಬೂಕ ಬಾಯಲ್ಲಿದ್ದ ಕಬ್ಬನ್ನು ಉಗಿದು ನೆಟ್ಟಗೆ ನಿಂತ. “ಓ!”

“ನಂತೇಜ!”

ಬೆನ್ನಿಗೆ ಮಗು ಕಟ್ಟಿಕೊಂಡಿದ್ದ ಹೆಂಗಸು ಮಗುವಿನ ಸಮೇತ ಮಂಡಿಯೂರಿದಳು. “ಓ.”

ಇನ್ನೊಂದು ಹೆಸರು, ಮತ್ತೊಂದು ಹೆಸರು. ಒಬ್ಬನು ದೂರದ ಕೊಲ್ಲಿ ದೇಶಕ್ಕೆ ಕೂಲಿಗೆ ಹೋಗಿದ್ದ, ಅವನ ತಮ್ಮ ಓ ಎಂದ. ಪರದೆಯ ಮೇಲೆ ಒಬ್ಬೊಬ್ಬ ಹುಡುಗ ಬಾಯಿ ತೆರೆದಾಗಲೂ ಹಾಲಿನ ಕತ್ತಲೆಯಿಂದ ಒಂದು ದೊಡ್ಡ ಮನುಷ್ಯನ ದನಿ ಬಂತು. ಡೈರೆಕ್ಟರಮ್ಮ ಏನು, ಏನು ಎಂದು ಅತ್ತಿತ್ತ ನೋಡತೊಡಗಿದಳು. ಕವೇಸಿ ಮೇಷ್ಟ್ರ ಕುತ್ತಿಗೆಯಲ್ಲಿ ಬೆವರು ಇಳಿಯುವುದು ಲುಬೋವನಿಗೆ ಕಾಣುತ್ತಿತ್ತು. ಬೆವರಲಿ ಎಂದುಕೊಂಡ. ಇನ್ನೂ ಬೆವರಲಿ.

“ನಮಾಲೆ!”

ಮುದುಕಿ ನಿಂತೇ ಇದ್ದಳು. ನಿಧಾನವಾಗಿ, ಒಂದು ಕೈ ನೆಲಕ್ಕೆ ಊರಿ, ನೋಯುವ ಮಂಡಿಗಳನ್ನು ಒಂದಾದ ಮೇಲೊಂದು ಮಡಿಸಿ ಕೂತಳು. ಕವೇಸಿ ಮೇಷ್ಟ್ರ ಕಡೆಗೆ ಮುಖ ಮಾಡಿ,

“ಓ” ಎಂದಳು.

ಮೇಷ್ಟ್ರು ಧಡಕ್ಕನೆ ಎದ್ದರು. ನಿಲುವಂಗಿ ಸೋಫಾಕ್ಕೆ ಸಿಕ್ಕಿ ಪರ್ ಎಂದಿತು. “ಸಾಕು ನಿಲ್ಲಿಸೋ! ಏನು ತಪ್ಪು ಮಾಡಿದೆ ನಾನು? ನಿಮ್ಮನ್ನೂ ಕೂರಿಸಿದ್ರೆ ಈ ಶಾಲೆ ಹೆಸರು ಯಾರ ಬಾಯಲ್ಲಿ ಇರ್ತಿತ್ತು? ಹೊಸ ತಗಡು ಎಲ್ಲಿಂದ ಬರ್ತಿತ್ತು, ಬಾವಿ ಎಲ್ಲಿಂದ ಬರ್ತಿತ್ತು? ಊರಿಗೋಸ್ಕರ ಮಾಡಿದೆ! ಜೊಳ್ಳು ಯಾವತ್ತಿದ್ರೂ ಜೊಳ್ಳೇ!”

ಆ ಮಾತು ತಗಡಿನ ಚಾವಣಿಗೆ ಬಡಿದು ವಾಪಸು ಬಂತು. ಮುದುಕಿ ಇನ್ನೂ ಮಂಡಿಯ ಮೇಲೇ ಇದ್ದಳು. ತಾನು ಆಡಿದ್ದು ಯಾರ ಮುಂದೆ ಎಂದು ಮೇಷ್ಟ್ರಿಗೆ ಆಗ ಕಂಡಿರಬೇಕು.

ಡೈರೆಕ್ಟರಮ್ಮ ನಬ್ಬೋಸಳ ತೋಳು ಹಿಡಿದು ಏನೆಂದರು ಎಂದು ಕೇಳುತ್ತಿದ್ದಳು. ನಬ್ಬೋಸ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಬೇಡ ಎಂಬಂತೆ ತಲೆಯಾಡಿಸಿದರು. ಸೀಮೆಎಣ್ಣೆ ದೀಪದ ಮುಂದೆ ಕೂತು ಅವರಿಂದಲೇ ಕಲಿತ ಇಂಗ್ಲಿಷಿನಲ್ಲಿ, ಅಳುತ್ತ, ಒಂದು ಮಾತನ್ನೂ ಬಿಡದೆ ಅವಳು ಅನುವಾದ ಮಾಡಿದಳು. ತೋಟದ್ದು ಹೇಳಿದಳು, ಮೀನು ವ್ಯಾಪಾರಿಯದ್ದು ಹೇಳಿದಳು. ಜೊಳ್ಳು ಎಂಬುದಕ್ಕೆ ಇಂಗ್ಲಿಷ್ ಮಾತು ಸಿಗದೆ ಒಂದು ಕ್ಷಣ ತಡೆದು, ಗಾಳಿಗೆ ತೂರುವುದನ್ನು ಕೈಯಲ್ಲೇ ಮಾಡಿ ತೋರಿಸಿದಳು. ಡೈರೆಕ್ಟರಮ್ಮ ತನ್ನ ಸಿನಿಮಾದ ಕಡೆ ತಿರುಗಲೇ ಇಲ್ಲ.

ಕವೇಸಿ ಮೇಷ್ಟ್ರು ನಡುವಿನ ದಾರಿಯಲ್ಲಿ ಬಾಗಿಲ ಕಡೆಗೆ ಹೊರಟರು. ಅವರು ಬರುವಾಗ ಎದ್ದು ನಿಂತಿದ್ದ ಹಾಲು ಈಗ ಕೂತೇ ಇತ್ತು. ಒಬ್ಬರೂ ಏಳಲಿಲ್ಲ, ಒಬ್ಬರೂ ಕಾಲು ಸರಿಸಲಿಲ್ಲ. ಅವರು ಜನರ ಮೊಣಕಾಲುಗಳನ್ನು ತಪ್ಪಿಸಿಕೊಂಡು, ಹರಿದ ನಿಲುವಂಗಿ ಎತ್ತಿ ಹಿಡಿದು, ಬಿಸಿಲಿನ ಅಂಗಳಕ್ಕೆ ಇಳಿದರು. ಲುಬೋವ ಬಾಗಿಲ ಸಂದಿಯಿಂದ ಕಣ್ಣು ತುಂಬ ನೋಡಿದ. ತಲೆ ತಗ್ಗಿತ್ತು. ಚೆನ್ನಾಗಿ ತಗ್ಗಿತ್ತು. ಇಷ್ಟು ವರ್ಷ ಬೇಕೆಂದದ್ದು ಸಿಕ್ಕಿತ್ತು, ಅದರ ರುಚಿ ಅವನಿಗೆ ಬಹಳ ಹಿಡಿಸಿತು. ಹಾಗಲ್ಲ ಎಂದರೆ ಸುಳ್ಳಾದೀತು.

ಯಾರೋ ಕಿಟಕಿಯ ಚಾಪೆ ಕಿತ್ತರು. ಪರದೆ ಬೆಳ್ಳಗಾಗಿ, ಆ ಮಕ್ಕಳೆಲ್ಲ ಮಾಸಿ ಹೋದರು. ಲುಬೋವ ಮೈಕಿನ ತಂತಿ ಸುತ್ತತೊಡಗಿದಾಗ ನಮಾಲೆಯ ಅಮ್ಮ ಗೋಡೆ ಹಿಡಿದುಕೊಂಡು ಅವನ ಹತ್ತಿರ ಬಂದಳು. ಮಂಡಿಗೆ ಅಂಟಿದ್ದ ಧೂಳನ್ನೂ ಕೊಡವಿರಲಿಲ್ಲ.

“ಅದನ್ನ ಸುತ್ತಬೇಡ ತಡಿ ಮಗಾ” ಎಂದಳು. “ಅವಳ ಹೆಸರನ್ನ ಯಾರಾದ್ರೂ ಜೋರಾಗಿ ಕರೆದು ಎಷ್ಟು ಕಾಲ ಆಯ್ತೋ. ಇನ್ನೊಂದು ಸಲ ಕರೀತೀಯಾ?”

ಲುಬೋವ ತಂತಿ ಬಿಚ್ಚಿದ. ಈ ಸಲ ಗಂಟಲು ಕೆರೆದುಕೊಳ್ಳಲಿಲ್ಲ. ತನ್ನದೇ ದನಿಯಲ್ಲಿ, ತೋಟದಾಚೆಗೆ ಕೇಳುವಷ್ಟು ಗಟ್ಟಿಯಾಗಿ ಕರೆದ.